ಇಬ್ಬರಿಗೂ ಆಗುವ ಸೈಕಲ್

ಬೈಯಪ್ಪನಹಳ್ಳಿ, ಬೆಂಗಳೂರು
12 ಅಕ್ಟೋಬರ್ 2025, ಭಾನುವಾರ

ರೇವತಿಯ ಅಪ್ಪನವರಿಗೆ ಸುಜಾತಾ ಮಾಡುವ ನಮಸ್ಕಾರಗಳು.

ಸೊಂಟದ ನೋವು ಹೇಗಿದೆ? ಚಳಿ ಶುರುವಾಗುವ ಮುಂಚೆ ಎಣ್ಣೆ ತಿಕ್ಕಿಸಿಕೊಳ್ಳಿ, ಅತ್ತೆಯವರ ಕೈ ಸೋತರೆ ಪಕ್ಕದ ಮನೆಯವರನ್ನು ಕರೆಯಿರಿ, ನಾಚಿಕೊಂಡು ಕೂರಬೇಡಿ. ನಾನೂ ರೇವತಿಯೂ ಚೆನ್ನಾಗಿದ್ದೇವೆ. ಅವಳ ಮುಂದಿನ ಎರಡು ಹಲ್ಲು ಬಿದ್ದಿವೆ, ನಕ್ಕರೆ ಥೇಟ್ ನಿಮ್ಮ ತಾಯಿ. ಇದನ್ನು ಅತ್ತೆಯವರಿಗೆ ಓದಿ ಹೇಳಬೇಡಿ. ಫೋನ್ ಇರುವಾಗ ಪತ್ರವೇಕೆ ಎಂದು ಕೇಳುತ್ತೀರೇನೋ. ಫೋನ್ ಮಾಡಿದಾಗಲೆಲ್ಲ ಅತ್ತೆಯವರೇ ಎತ್ತಿ "ಅವ ಹೊರಗ ಹೋಗ್ಯಾನವ್ವ" ಅನ್ನುತ್ತಾರೆ. ಪತ್ರವಾದರೆ ಮನೆಯಲ್ಲೇ ಬಿದ್ದಿರುತ್ತದೆ, ಒಳಗೆ ಬಂದಾಗ ಓದಬಹುದು.

ಸೈಕಲ್ ವಿಷಯ ನಿಮಗೆ ಪೂರ್ತಿ ಹೇಳಿಯೇ ಇಲ್ಲ. ಹೆಂಗಸರಿಗೆ ಬಸ್ ಫ್ರೀ ಇರುವಾಗ ಸೈಕಲ್ ಯಾಕೆ ಎಂದು ಓಣಿಯವರೆಲ್ಲ ಕೇಳಿದರು. ಬಸ್ಸೇನೋ ಫ್ರೀ, ಆದರೆ ಅದು ಬರಬೇಕಲ್ಲ. ಹೊರಮಾವಿನಲ್ಲಿ ನಾನು ಬೆಳಗಿನ ಅಡುಗೆ ಮಾಡುತ್ತಿದ್ದ ಮನೆಯ ವಿಮಲಾಕ್ಷಿ ಟೀಚರ್ ನಿಮಗೆ ನೆನಪಿರಬೇಕು. ಸಕ್ಕರೆ ಕಾಯಿಲೆಯವರು. ಇಂಜೆಕ್ಷನ್ ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ತಿಂಡಿ ಬೀಳದಿದ್ದರೆ ಕೈಕಾಲು ನಡುಗುತ್ತವೆ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ನಿಂತರೆ ನಿಂತೇಬಿಡುತ್ತದೆ. ಅಲ್ಲಿ ಇಳಿದು ಇನ್ನೊಂದು ಹಿಡಿದು ಹೋಗುವಷ್ಟರಲ್ಲಿ ಟೀಚರ್ ಒಣ ಬ್ರೆಡ್ ಕಡಿಯುತ್ತ ಕೂತಿರುತ್ತಿದ್ದರು. ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ ತುಳಿದವಳು ನಾನು, ಅದಕ್ಕೇ ಧೈರ್ಯ ಮಾಡಿದೆ. ನಾನು ಬೆಳಿಗ್ಗೆ ಓಡಿಸಿದರೆ ಆಮೇಲೆ ನಿಮಗೂ ಆಯಿತು ಎಂದುಕೊಂಡೆ. ಶ್ರಾವಣದಲ್ಲಿ ಒಮ್ಮೆ ಫೋನಿಗೆ ಸಿಕ್ಕಾಗ ನೀವೇ ಹೇಳಿದಿರಲ್ಲ, "ನನಗೂ ಆಗುವಂಥಾದ್ದ ತಗೋ, ಬರ್ತೀನಿ" ಎಂದು. ಆ ಮಾತು ಹಿಡಿದುಕೊಂಡು ಅಂಗಡಿ ಅಂಗಡಿ ಸುತ್ತಿದೆ.

ಮೊದಲು ಇಂದಿರಾನಗರದ ಗಾಜಿನ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಲಿಖಿತ್ ಅಂತ, ಪಾಪ, ಒಳ್ಳೆಯವನೇ. ಗೇರಿನದು, ಡಿಸ್ಕ್ ಬ್ರೇಕಿನದು ಎಲ್ಲ ತೋರಿಸಿದ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡು ಎಲ್ಲದಕ್ಕೂ ಬೇರೆ ದುಡ್ಡಂತೆ. ನಿಲ್ಲುವುದಕ್ಕೂ ಕಾಸು ಕೇಳುವ ಸೈಕಲ್ಲು ನಮಗೆ ಎಟಕುವುದಿಲ್ಲ ಎಂದು ಸುಮ್ಮನೆ ಹೊರಗೆ ಬಂದೆ. ಆಮೇಲೆ ಶಿವಾಜಿನಗರದಲ್ಲಿ ಹಳೆಯ ಸೈಕಲ್ ಮಾರುವ ಬದ್ರುನ್ನೀಸಾ ಅನ್ನುವವರ ಅಂಗಡಿ ಸಿಕ್ಕಿತು. ಯಾರಿಗೆ ಎಂದು ಕೇಳಿದರು. ಇಬ್ಬರಿಗೂ ಅಂದೆ, ನಿಮ್ಮ ಎತ್ತರ ಕೈಯಲ್ಲೇ ತೋರಿಸಿದೆ. "ಹಂಗೆಲ್ಲ ಬರೋದಿಲ್ಲಮ್ಮಾ, ಒಬ್ರಿಗೆ ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತೆ, ಇನ್ನೊಬ್ರಿಗೆ ನೆಲ ಎಟ್ಕಲ್ಲ" ಅಂದವರು, ಒಂದಿಷ್ಟು ಹುಡುಕಿ ನಡುವೆ ಅಡ್ಡ ಕಂಬಿ ಇಲ್ಲದ ಒಂದನ್ನು ಈಚೆ ಎಳೆದರು. ಸೀಟಿನ ಕೆಳಗೆ ಒಂದು ಹಿಡಿ. ಅದನ್ನು ಸಡಿಲಿಸಿದರೆ ಸೀಟು ನಿಮ್ಮ ಎತ್ತರಕ್ಕೂ ಏರುತ್ತದೆ, ನನ್ನದಕ್ಕೂ ಇಳಿಯುತ್ತದೆ. ನನಗೆ ಬೇರೆ ಏನೂ ನೋಡಬೇಕಿರಲಿಲ್ಲ. ಬ್ರೇಕು ಕಿರುಗುಟ್ಟುತ್ತದೆ, ಬಣ್ಣ ಹೋಗಿದೆ, ಇರಲಿ.

ಒಂದು ಸುತ್ತು ಓಡಿಸಿ ನೋಡಿ ಎಂದು ಅವರು ಎಷ್ಟು ಹೇಳಿದರೂ ನಾನು ಹತ್ತಲಿಲ್ಲ. ನಮ್ಮ ಮನೆಗೆ ಗಾಡಿ ಬಂದರೆ ಯಜಮಾನನೇ ಪೂಜೆ ಮಾಡಿ ಮೊದಲು ಹತ್ತಬೇಕಲ್ಲ, ಮಾವನವರ ಕಾಲದಿಂದ ಬಂದದ್ದು. ಹಾಗಾಗಿ ಶಿವಾಜಿನಗರದಿಂದ ತಳ್ಳಿಕೊಂಡೇ ಹೊರಟೆ. ಹಲಸೂರು ಕೆರೆ ಹತ್ತಿರ ಹೂ ಮಾರುವ ದೊಡ್ಡಮುನಿಯಮ್ಮ ಕೂರಿಸಿಕೊಂಡು ನೀರು ಕೊಟ್ಟು, "ಪಂಚರ್ ಆಯ್ತಾ ತಾಯಿ?" ಎಂದು ಕೇಳಿದರು. ಹೌದು ಅಂದುಬಿಟ್ಟೆ. ಮನೆ ಮುಟ್ಟುವಾಗ ಹಿಮ್ಮಡಿ ಬೊಬ್ಬೆ ಎದ್ದಿತ್ತು, ಆದರೂ ಅವತ್ತು ನನಗೆ ಆದಷ್ಟು ಖುಷಿ ಈಚೆಗೆ ಯಾವತ್ತೂ ಆಗಿರಲಿಲ್ಲ.

ಖಂಡೇ ಪೂಜೆಗೆ, ಇಲ್ಲಿಯವರ ಆಯುಧ ಪೂಜೆಗೆ, ಬರುತ್ತೀರಿ ಎಂದು ಅತ್ತೆಯವರು ಹೇಳಿದ್ದರಿಂದ ಸೈಕಲ್ಲನ್ನು ರೂಮಿನ ಮುಂದೆ ನಿಲ್ಲಿಸಿ, ನಾನು ಮೊದಲಿನಂತೆ ಬಸ್ಸಿಗೇ ಹೋದೆ. ನಗಬೇಡಿ. ಹಬ್ಬದ ದಿನ ನಿಂಬೆಹಣ್ಣು, ಹೂವು, ಕುಂಕುಮ ಎಲ್ಲ ಇಟ್ಟುಕೊಂಡು ಕಾದೆ. ಮರುದಿನ ಬನ್ನಿ ಕೊಡುವುದಕ್ಕಾದರೂ ಬರಬಹುದು ಎಂದು ಮತ್ತೆ ಕಾದೆ. ಆ ವಾರದಲ್ಲೇ ಒಂದು ಬೆಳಿಗ್ಗೆ ನನ್ನ ಬಸ್ಸು ಸೇತುವೆಯ ಮೇಲೆ ಸಿಕ್ಕಿಹಾಕಿಕೊಂಡಿದ್ದಾಗ ಟೀಚರ್ ಅಡುಗೆಮನೆಯಲ್ಲಿ ತಲೆ ಸುತ್ತಿ ಬಿದ್ದರು. ಏನೂ ಅಪಾಯವಾಗಲಿಲ್ಲ, ದೇವರು ದೊಡ್ಡವನು. ಆದರೆ ಮಾರನೇ ದಿನ ಬೇರೆಯವಳನ್ನು ಗೊತ್ತುಮಾಡಿಕೊಂಡರು. "ನಿನ್ನ ಮೇಲೆ ಬೇಜಾರಿಲ್ಲ ಸುಜಾತಾ, ನನ್ನ ಶುಗರ್ ಕಾಯಲ್ಲಮ್ಮ" ಅಂದರು. ಓಡಿಸಲು ಬರುವವಳು, ಬಾಗಿಲಲ್ಲಿ ಸೈಕಲ್ ಇಟ್ಟುಕೊಂಡವಳು, ಬಸ್ಸಿಲ್ಲ ಎಂದು ಯಾವ ಬಾಯಿಂದ ಹೇಳಲಿ? ನನ್ನ ಬುದ್ಧಿಗೆ ನಾನೇ ಬೈದುಕೊಂಡೆ.

ಪಕ್ಕದ ರೂಮಿನ ಅಂಬಣ್ಣ ಹಬ್ಬಕ್ಕೆ ಊರಿಗೆ ಬಂದಿದ್ದರಲ್ಲ, ನಿಮ್ಮನ್ನು ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ನೋಡಿದರಂತೆ. ಕೋಲಿಲ್ಲದೆ ನೆಟ್ಟಗೆ ನಡೆಯುತ್ತಿದ್ದಿರಂತೆ. ಕೇಳಿ ನನಗೆ ಅಳು ಬಂತು, ಮೊದಲು ಸಂತೋಷಕ್ಕೆ. ಬೆಂಗಳೂರಿಗೆ ಯಾವಾಗ ಎಂದು ಕೇಳಿದರೆ "ನೋಡೋಣ ತಗೋ" ಎಂದು ಚಹಾದ ಕಪ್ಪು ಇಟ್ಟು ಎದ್ದು ಹೋದಿರಂತೆ. ಹೊರಮಾವಿನ ಆ ಬಿಲ್ಡಿಂಗಿಗೆ ಬಣ್ಣ ಹೊಡೆಯುವಾಗ ಹಗ್ಗ ಹರಿದು ಬಿದ್ದವರು ನೀವು, ಈ ಊರನ್ನು ನೆನೆದರೆ ಮೈ ನಡುಗುತ್ತದೆ ಎಂದು ನನಗೆ ಗೊತ್ತು. ಮತ್ತೆ ಆ ಕೆಲಸ ಮಾಡಿ ಎಂದು ನಾನು ಯಾವತ್ತೂ ಅಂದಿಲ್ಲ. ಬರುವುದಿಲ್ಲ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಎರಡು ತಿಂಗಳೆಂದು ಹೋದವರು, ಇದು ಎರಡನೇ ದೀಪಾವಳಿ. ನನಗೆ ಕೋಪವೂ ಉಳಿದಿಲ್ಲ, ದಣಿದಿದ್ದೇನೆ ಅಷ್ಟೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ರೇವತಿ ನಿಮಗೆ ಮುತ್ತು ಕಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಚಹಾ ಕಡಿಮೆ ಮಾಡಿ.

ನಿಮ್ಮ ಮನೆಯಾಕೆ,
ಸುಜಾತಾ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಕೃಷ್ಣರಾಜಪುರದ ಒಂದು ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿದೆ, ನಾಳೆಯಿಂದ. ಸೈಕಲ್ಲನ್ನು ದಿನವಿಡೀ ರಸ್ತೆಯಲ್ಲೇ ಬಿಡಬೇಕು. ಹಿಡಿ ಇರುವ ಸೀಟನ್ನು ಅಲ್ಲಿ ಕಳ್ಳರು ಕಿತ್ತುಕೊಂಡು ಹೋಗುತ್ತಾರಂತೆ, ಎಲ್ಲರೂ ವೆಲ್ಡಿಂಗ್ ಮಾಡಿಸುತ್ತಾರೆ. ಈಗಷ್ಟೇ ಮಾಡಿಸಿಕೊಂಡು ಬಂದೆ. "ಅಕ್ಕಾ, ಯಾರ ಹೈಟ್‌ಗೆ ಇಡ್ಲಿ? ಆಮೇಲೆ ಮೇಲೆ ಕೆಳಗೆ ಆಗಲ್ಲ" ಎಂದು ವೆಲ್ಡಿಂಗಿನ ಮುನಿರಾಜ್ ಕೇಳಿದ. ಅವನು ಬೆಂಕಿ ಹಚ್ಚಿಕೊಂಡು ಕಾಯುತ್ತಿದ್ದ. ನನ್ನದಕ್ಕೇ ಇಡಪ್ಪ ಅಂದೆ.