ಬ್ರೇಕರ್ ಬೀಳಲಿಲ್ಲ

ಚಳ್ಳಕೆರೆ
೧೭ ಮೇ ೧೯೯೯

ಪ್ರೀತಿಯ ಗೀತಾಳಿಗೆ,

ಊಟ ಮಾಡುತ್ತಿದ್ದೀಯಾ? ಅತ್ತೆ ಎರಡು ತುತ್ತಾದರೂ ತಿಂದರೇ? ನಾನು ಹೇಗೋ ಇದ್ದೇನೆ. ಮುದ್ದೆ ತಿರುವಲು ಹೋಗಿ ಎರಡು ದಿನವೂ ಗಂಟು ಗಂಟಾಯಿತು.

ಮಾವನ ತಿಥಿಯ ದಿನ ನೀನು ಕೇಳಿದೆ, “ತಂತಿ ನೆಲಕ್ಕೆ ಬಿದ್ರೆ ತಾನೇ ಕರೆಂಟು ಹೋಗ್ತೈತೆ ಅಂತಿದ್ರಲ್ಲ, ನಮ್ಮಪ್ಪನ ಹೊಲದಾಗೆ ಯಾಕೆ ಹೋಗ್ಲಿಲ್ಲ?” ನಿನ್ನೆ ನಮ್ಮ ಕರೆಂಟ್ ಸ್ಟೇಷನ್ನಿಗೆ ಬಂದಿದ್ದ ದೊಡ್ಡ ಇಂಜಿನಿಯರ್ ಹೇಳಿದ್ದನ್ನು ಬರೆಯುತ್ತೇನೆ. ಹಸಿ ನೆಲವಾದರೆ ಕರೆಂಟು ಒಮ್ಮೆಗೇ ಭೂಮಿಗೆ ನುಗ್ಗುತ್ತದೆ, ಇಲ್ಲಿ ಸ್ಟೇಷನ್ನಿನ ದೊಡ್ಡ ಸ್ವಿಚ್ಚು, ಬ್ರೇಕರ್, ತಾನಾಗಿ ಬಿದ್ದು ಲೈನು ಸಾಯುತ್ತದೆ. ನಿಮ್ಮದು ಒಣ ಮರಳು. ಅದರೊಳಗೆ ಇಳಿದದ್ದು ತೀರಾ ಸ್ವಲ್ಪ, ಒಂದು ಎಣ್ಣೆ ಗಿರಣಿ ಎಳೆಯುವಷ್ಟೂ ಅಲ್ಲ. ಅಷ್ಟನ್ನು ನಮ್ಮ ಯಂತ್ರ ಗುರುತಿಸುವುದಿಲ್ಲವಂತೆ. ತಂತಿ ಬಿದ್ದ ಜಾಗದಲ್ಲಿ ಮರಳು ಕರಗಿ ಗಾಜಿನ ಹರಳಾಗಿತ್ತು. ಅವರು ಒಂದನ್ನು ಕಾಗದದಲ್ಲಿ ಸುತ್ತಿಕೊಂಡು ಹೋದರು.

ಪಕ್ಕದ ಹೊಲದ ಹುಚ್ಚಕ್ಕ ಕಣ್ಣಾರೆ ಕಂಡವಳು. ಬೇಡವೆಂದು ಕೂಗಿಕೊಂಡಳಂತೆ. “ಮೋಟ್ರು ನಿಂತೈತೆ, ಕರೆಂಟಿಲ್ಲ ಬಿಡವ್ವ. ದನ ತುಳಿದಾವು” ಎಂದು ಮಾವ ತಂತಿ ಸರಿಸಲು ಬಗ್ಗಿದರಂತೆ. ಮತ್ತೆ ಏಳಲಿಲ್ಲ. ತಂತಿ ಕಡಿದರೆ ಮೋಟರು ನಿಲ್ಲುತ್ತದೆ, ಕಡಿದ ತುದಿಯಲ್ಲಿ ಕರೆಂಟು ಇದ್ದೇ ಇರುತ್ತದೆ.

ಅವತ್ತು ತಿಥಿಯಲ್ಲಿ, ಮಿಷಿನ್ನಿಗೇ ತಿಳಿಯದ್ದು ನಿನಗೇನು ತಿಳಿದೀತು ಎಂದು ಊರವರೆಲ್ಲ ನನಗೇ ಸಮಾಧಾನ ಹೇಳಿದರು. ಅತ್ತೆ ನನ್ನ ತಲೆ ಸವರಿದರು. ಅದೊಂದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ, ಬಸ್ಸಿನ ನೆಪ ಹೇಳಿ ಎದ್ದುಬಂದೆ.

ಬಿಸಿಲಲ್ಲಿ ತಿರುಗಬೇಡ. ಅತ್ತೆಯ ಪಾದಕ್ಕೆ ನನ್ನ ನಮಸ್ಕಾರ.

ನಿನ್ನ
ದುರುಗೇಶ

ತಾ.ಕ.: ಗೀತಾ, ಅಂಚೆ ಪೆಟ್ಟಿಗೆಯವರೆಗೆ ಹೋಗಿ ವಾಪಸ್ ಬಂದು ಇದನ್ನು ಬರೆಯುತ್ತಿದ್ದೇನೆ. ಅವತ್ತು ಪಾಳಿ ನನ್ನದು. ಮಾವ ತಂತಿ ಮುಟ್ಟುವ ಮೊದಲೇ ನಿಮ್ಮೂರಿನ ಕಾಟಪ್ಪ ಫೋನ್ ಮಾಡಿ ತಂತಿ ಬಿದ್ದಿದೆ ಎಂದಿದ್ದ. ನಾನು ಮೀಟರಿನ ಮುಳ್ಳು ನೋಡಿದೆ, ಅಲುಗಿರಲಿಲ್ಲ. “ಬಿದ್ದಿದ್ರೆ ಬ್ರೇಕರ್ ಬೀಳ್ತಿತ್ತು ಕಣಲೇ, ಫೋನ್ ಇಡು” ಎಂದೆ. ಸುಮ್ಮನೆ ಲೈನು ತೆಗೆದು ಕರೆಂಟು ನಿಲ್ಲಿಸಿದರೆ ಗಿರಣಿಯವರು ಬೈಯುತ್ತಾರೆಂದು ಸ್ವಿಚ್ಚಿಗೆ ಕೈ ಹಾಕಲಿಲ್ಲ. ಕಾಟಪ್ಪ ಫೋನಿಗೆಂದು ಓಡುವಾಗ ದಾರಿಯಲ್ಲಿ ಸಿಕ್ಕ ಮಾವನಿಗೂ ವಿಷಯ ಹೇಳಿದ್ದನಂತೆ. “ಅಲ್ಲಿ ನಮ್ಮಳಿಯ ಅವ್ನೆ, ಲೈನ್ ತೆಗೀತಾನೆ ಬಿಡು” ಎಂದು ಮಾವ ಹೊಲದ ಕಡೆ ನಡೆದರಂತೆ. ಕಾಟಪ್ಪ ಇದನ್ನು ನನಗೊಬ್ಬನಿಗೇ ಹೇಳಿದ್ದಾನೆ. ಇವತ್ತು ಬೆಳಿಗ್ಗೆ ನಾನೇ ಎಲ್ಲವನ್ನೂ ಬರೆದು ಆಫೀಸಿಗೆ ಕೊಟ್ಟೆ. ಅತ್ತೆಗೆ ಓದಿ ಹೇಳು. ನಾನು ಬರಲೋ ಬೇಡವೋ, ಒಂದು ಸಾಲು ಬರೆ.