ಬೆಳಿಗ್ಗೆ ಏಳೂವರೆಯ ಓದುಗರು

ಮಾರ್ಚ್ 3, ಬೆಳಿಗ್ಗೆ 8

ಬ್ಲಾಗಿಗೆ ಹಾಕಿ ಆಯಿತು. ನಾನೂರ ಹನ್ನೆರಡನೆಯದು. ವಿಷಯ: ಬಸ್ ನಿಲ್ದಾಣದ ಬೆಂಚು. ಮೂವತ್ತು ವರ್ಷ ಅಲ್ಲಿದ್ದ ಕಲ್ಲುಬೆಂಚನ್ನು ಕಿತ್ತು ಜಾಹೀರಾತು ಹಲಗೆ ನಿಲ್ಲಿಸಿದ್ದಾರೆ. ಹಲಗೆಯ ಮೇಲೆ ಸೋಫಾದ ಜಾಹೀರಾತು! ನಿಂತು ನಿಂತು ಕಾಲು ಸೋತವರು ಅದನ್ನು ನೋಡಿ ಸುಖಪಡಬೇಕು!

ಇವರು ಕಾಫಿ ಲೋಟ ಹಿಡಿದು ಬಂದರು.

"ಇವತ್ತು ಯಾರಿಗೆ ಮಂಗಳಾರತಿ?"

"ಬೆಂಚು ಕಿತ್ತವರಿಗೆ."

"ಓದೋರು?"

"ನಾಳೆ ಏಳೂವರೆಗೆ ಒಬ್ಬರು."

"ಅದು ನೀನೇ ಕಣೆ."

ಅಲ್ಲ. ನಾನು ನೋಡಿದ್ದು ಲೆಕ್ಕಕ್ಕೆ ಬರದ ಹಾಗೆ ಮಗಳು ಮಾಡಿಕೊಟ್ಟಿದ್ದಾಳೆ. ಯಾರೋ ಒಬ್ಬರು, ವರ್ಷಗಳಿಂದ, ಹಾಕಿದ ಮರುದಿನ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ತೆರೆಯುತ್ತಾರೆ. ಒಂದು ಮಾತೂ ಬರೆದಿಲ್ಲ ಪುಣ್ಯಾತ್ಮರು.

ಮಾರ್ಚ್ 5

ಬ್ಲಾಗಿನ ಕಂಪನಿಯಿಂದ ಮೇಲ್. ಹಳೆಯ ಬ್ಲಾಗುಗಳನ್ನು ತೆಗೆಯುತ್ತಾರಂತೆ. ಬೇಕು ಎನ್ನುವವರು ಮೂವತ್ತೊಂದರೊಳಗೆ 'ಮುಂದುವರಿಸಿ' ಬಟನ್ ಒತ್ತಬೇಕು. ಇಲ್ಲದಿದ್ದರೆ ಹನ್ನೊಂದು ವರ್ಷದ್ದೆಲ್ಲ ಅಳಿಸಿಹೋಗುತ್ತದೆ.

ಸೌಜನ್ಯ ನೋಡಿ: ಕೆಳಗೆ ನಗುವ ಮುಖದ ಚಿತ್ರ ಬೇರೆ.

ಮಾರ್ಚ್ 9

ಒತ್ತುವುದಿಲ್ಲ. ತೀರ್ಮಾನಿಸಿದೆ.

ಗ್ರಂಥಾಲಯದ ಓದುವ ಕೋಣೆ ಗೋದಾಮಾದಾಗ ಬರೆದೆ. ಇನ್ನೂ ಗೋದಾಮೇ. ಸೇತುವೆಯ ಕಂಬಿಗಳ ಬಗ್ಗೆ ಮೂರು ಸಲ ಬರೆದೆ. ಕಂಬಿ ಬರಲಿಲ್ಲ. ಯಾವ ವರ್ಷ ಯಾರು ಏನು ಮಾತು ಕೊಟ್ಟರು ಎಂದು ನೆನಪಿಟ್ಟುಕೊಂಡವಳು ಊರಿಗೆ ನಾನೊಬ್ಬಳೇ. ನೆನಪು ಇಟ್ಟುಕೊಂಡು ಆಗಿದ್ದೇನು?

ಇವರಿಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಬಿಟ್ಬಿಟ್ಟು ಏನ್ ಮಾಡ್ತೀಯ?"

"ಸುಮ್ನಿರ್ತೀನಿ."

"ನೀನಾ? ನಾನು ಬೇರೆ ಮನೆ ನೋಡ್ಕೋಬೇಕಾಗುತ್ತೆ."

ಮಾರ್ಚ್ 22

ಅಳಿಯುವ ಮುನ್ನ ಒಮ್ಮೆ ಓದೋಣವೆಂದು ಹಳೆಯದನ್ನು ತೆರೆದೆ. ಆರು ವರ್ಷದ ಹಿಂದಿನ ಆ ಬರಹಕ್ಕೆ ಬಂದು ನಿಂತೆ.

ಪತ್ರಿಕೆಯಲ್ಲಿ ಅಕ್ಕನೂ ನಾನೂ ಹತ್ತೊಂಬತ್ತು ವರ್ಷ ಜೋಡಿಯಾಗಿ ಕರಡು ತಿದ್ದಿದವರು. ಒಡಹುಟ್ಟಿದ ಅಕ್ಕನಲ್ಲ, ಆದರೆ ಇಡೀ ವಿಭಾಗಕ್ಕೆ ಅಕ್ಕ. ನಾನು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ, ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಹೇಳುತ್ತ. ಅಕ್ಕ ಕರಡಿನ ಮೇಲೆ ಕೆಂಪು ಪೆನ್ಸಿಲ್ ಆಡಿಸುತ್ತಿದ್ದರು. ನಿಧನ ವಾರ್ತೆ ಬಂದರೆ ಫೋಟೋವನ್ನೂ ಓದುತ್ತಿದ್ದೆ, ತಮಾಷೆಗೆ: "ಚಿತ್ರ: ದಪ್ಪ ಮೀಸೆ, ಸೋಡಾಬುಡ್ಡಿ ಕನ್ನಡಕ." ಸತ್ತವರಿಗೆ ಮರ್ಯಾದೆ ಕೊಡು ಎಂದು ಅಕ್ಕ ಗದರುತ್ತಿದ್ದರು. ನಿಲ್ಲಿಸು ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಮಗಳ ಹೆರಿಗೆಗೆಂದು ನಾನು ರಜೆ ಹಾಕಿದ ವಾರ, ನಿಧನ ವಾರ್ತೆಯಲ್ಲಿ ಬದುಕಿದ್ದವರೊಬ್ಬರ ಫೋಟೋ ಅಚ್ಚಾಯಿತು. ನಿವೃತ್ತಿಯಾದ ಮೇಲೆ ಪತ್ರಿಕೆಗಳ ಅವನತಿಯ ಬಗ್ಗೆ ಬರೆಯುವಾಗ ಅದನ್ನೂ ಸೇರಿಸಿದೆ: "ಅಂದು ಕರಡು ನೋಡಿದವರು ನಿದ್ದೆಯಲ್ಲಿದ್ದಿರಬೇಕು!" ಹೆಸರು ಹಾಕಿರಲಿಲ್ಲ. ಅಂದು ನೋಡಿದವರು ಅಕ್ಕ.

ಆಮೇಲೆ ಅಕ್ಕ ಫೋನ್ ಎತ್ತಲಿಲ್ಲ. ನಾನೂ ಎರಡು ಸಲ ಮಾಡಿ ಬಿಟ್ಟೆ. ನಿಜ ಬರೆದಿದ್ದೇನೆ, ಏಕೆ ಗೋಗರೆಯಲಿ ಎಂದು.

ಮಾರ್ಚ್ 26, ಸಂಜೆ

ಗೊತ್ತಿಲ್ಲದ ನಂಬರಿಂದ ಫೋನ್. ಹೆಣ್ಣುದನಿ.

"ಆಂಟಿ, ಹುಷಾರಾಗಿದ್ದೀರಾ?"

"ಯಾರಮ್ಮ?"

"ಪತ್ರಿಕೆಯಲ್ಲಿ ನಿಮ್ಮ ಜೊತೆ ಇದ್ರಲ್ಲ, ಅವರ ಸೊಸೆ. ನೀವು ಬರೆದು ಮೂರು ವಾರ ಆಯ್ತು. ಏಳೂವರೆ ಆದ್ರೆ ಸಾಕು, 'ಬಂತಾ, ಬಂತಾ' ಅಂತ ಅತ್ತೆ ನನ್ನ ತಲೆ ತಿಂತಿದ್ದಾರೆ."

ಕುರ್ಚಿ ಹುಡುಕಿ ಕುಳಿತೆ.

"ಅಕ್ಕ ಓದ್ತಾರಾ?"

"ಓದೋದು ನಾನು. ಅವರಿಗೆ ಕಣ್ಣು ಕಾಣಲ್ವಲ್ಲ. ಕಾಮಾ, ಫುಲ್‌ಸ್ಟಾಪ್ ಒಂದೂ ಬಿಡಂಗಿಲ್ಲ, ಎಲ್ಲಾ ಬಾಯಲ್ಲಿ ಹೇಳ್ಬೇಕು. ಬೇಜಾರಾಗ್ಬೇಡಿ ಆಂಟಿ, ಆ ಆಶ್ಚರ್ಯಸೂಚಕ ಸ್ವಲ್ಪ ಕಮ್ಮಿ ಮಾಡಿ. ಆಫೀಸಿಗೆ ಲೇಟಾಗುತ್ತೆ."

"ಕಣ್ಣು... ಯಾವಾಗಿಂದ?"

"ನಿಮಗೆ ಗೊತ್ತಿಲ್ವಾ? ಕೆಲಸದಲ್ಲಿದ್ದಾಗ್ಲೇ ಮಂಜಾಗಿತ್ತಂತೆ. ಅಕ್ಷರಕ್ಕೆ ಭೂತಗನ್ನಡಿ ಇತ್ತು, ಮುಖಗಳು ಮಾತ್ರ ಗೊತ್ತಾಗ್ತಿರ್ಲಿಲ್ವಂತೆ. ನೀವು ಹೇಳ್ತಿದ್ರಂತಲ್ಲ, ಮೀಸೆ, ಕನ್ನಡಕ ಅಂತ. ಅದರಲ್ಲೇ ನಡೀತಿತ್ತಂತೆ."

ಮಾರ್ಚ್ 27

ಆ ವಾರ ನನ್ನ ಜಾಗದಲ್ಲಿ ಕುಳಿತವರು ಅಕ್ಷರ ಓದಿರುತ್ತಾರೆ. ಫೋಟೋವನ್ನು ಯಾರು ಓದುತ್ತಾರೆ?

ರಜೆಗೆ ಹೊರಡುವಾಗ ಅಕ್ಕ ಕೇಳಿದ್ದರು: "ಒಂದು ವಾರ ಪೂರ್ತಿ ಬೇಕೇನೇ?" ನನಗೆ ಸಿಟ್ಟು ಬಂದಿತ್ತು. ಮಗಳ ಹೆರಿಗೆಗೂ ಲೆಕ್ಕ ಕೇಳುತ್ತಾರಲ್ಲ ಎಂದು.

ಬೆಂಚು ಕಿತ್ತ ದಿನಾಂಕ ನೆನಪಿದೆ. ಈ ಮಾತು ಆ ಬರಹ ಬರೆಯುವಾಗಲೇ ನೆನಪಾಗಬಾರದಿತ್ತೆ?

ಮಾರ್ಚ್ 30

ಬರೆದೆ. ಆ ಫೋಟೋ ಏಕೆ ತಪ್ಪಿತೆಂದು, ಒಂದೂವರೆ ಪುಟ. ಆಶ್ಚರ್ಯಸೂಚಕ ಒಂದೂ ಇಲ್ಲ. ಹಳೆಯ ಬರಹವನ್ನು ಅಳಿಸಿ ಇದನ್ನು ಹಾಕಬೇಕೆಂದಿದ್ದೇನೆ. ಮೊದಲು ಅಕ್ಕನಿಗೆ ಓದಿ ಹೇಳಬೇಕು. ಬೇಡ ಅಂದರೆ ಬಟನ್ ಒತ್ತುವುದಿಲ್ಲ. ಎಲ್ಲವೂ ಹೋಗಲಿ.

ಇವರು ಹೊಸ್ತಿಲವರೆಗೆ ಬಂದು ನನ್ನ ಚಪ್ಪಲಿ ಬೀದಿಯ ಕಡೆಗೆ ತಿರುಗಿಸಿಟ್ಟರು. ನಲವತ್ತು ವರ್ಷದಲ್ಲಿ ಮೊದಲ ಸಲ. ಆದರೂ ಒಳಗೆ ವಾಪಸು ಬಂದೆ. ನಾಳೆ.

ಮಾರ್ಚ್ 31, ಸಂಜೆ 4

ಈಗಷ್ಟೇ ಬಂದೆ. ಮರೆಯುವ ಮುಂಚೆ ಬರೆಯಬೇಕು.

ಅಕ್ಕ ಕಿಟಕಿಯ ಪಕ್ಕ ಕುಳಿತಿದ್ದರು. ತೆಳ್ಳಗಾಗಿದ್ದಾರೆ. ನನ್ನ ದನಿ ಕೇಳಿ ಮುಖ ಎತ್ತಿದರು.

"ಬೆಂಚು ಹಾಕಿದ್ರೇನೇ?"

"ಇಲ್ಲ ಅಕ್ಕ."

"ಹಾಕಲ್ಲ ಅವರು. ಏನೋ ತಂದಿದ್ದೀಯಂತೆ, ಓದು."

ಓದಿದೆ. ಎಲ್ಲ ವಿರಾಮಗಳನ್ನೂ ಹೇಳಿ.   ಅಕ್ಕನ ಬೆರಳುಗಳು ಮಡಿಲಲ್ಲಿ ಪೆನ್ಸಿಲ್ ಹಿಡಿದ ಹಾಗೇ ಇದ್ದವು.

"ಹಳೇದನ್ನ ಅಳಿಸ್ತೀನಿ ಅಕ್ಕ."

"ಯಾಕೆ? ಅಚ್ಚಾಗಿದ್ದನ್ನ ಯಾವಾಗ ಅಳಿಸಿದ್ವಿ ನಾವು? ಅದು ಇರ್ಲಿ. ಇದನ್ನ ಅದರ ಕೆಳಗೇ ಹಾಕು."

"ನೀವು ಯಾಕೆ ಹೇಳ್ಲಿಲ್ಲ, ಕಣ್ಣಿನ ವಿಷಯ?"

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಸಂಪಾದಕರ ಹತ್ರ ಹೋಗಿ ನನ್ನ ಪರ ಜಗಳ ಆಡ್ತಿದ್ದೆ. ಮಾರನೇ ದಿನ ನನ್ನ ಮನೆಗೆ ಕಳಿಸ್ತಿದ್ರು."

ಸೊಸೆ ಅಡುಗೆಮನೆಯಲ್ಲಿ ಕಿಸಕ್ಕನೆ ನಕ್ಕಳು. ಅಕ್ಕ ನಗಲಿಲ್ಲ. ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಆರು ವರ್ಷ ಸಿಟ್ಟಿತ್ತು ಕಣೇ. ಸಿಟ್ಟಲ್ಲೇ ಕೇಳಿಸ್ಕೋತಿದ್ದೆ." ಕೈ ಬಿಡದೆ ಕೇಳಿದರು, "ಚಿತ್ರ ಇಲ್ವಾ ಇದಕ್ಕೆ?"

ಬಟನ್ ಒತ್ತಿ ಆಯಿತು. ಟ್ರಂಕಿನಿಂದ ಫೋಟೋ ತೆಗೆದಿಟ್ಟಿದ್ದೇನೆ. ಅದರ ಕೆಳಗಿನ ಸಾಲು ಬರೆಯಬೇಕು. ನಾಳೆ ಏಳೂವರೆಗೆ ಸೊಸೆ ಓದಬೇಕಲ್ಲ.

ಚಿತ್ರ: ಉದ್ದ ಮೇಜು. ಇಬ್ಬರು ಹೆಂಗಸರು. ಕಿಟಕಿಯ ಕಡೆ ಕುಳಿತವರ ಕೈಯಲ್ಲಿ ಕೆಂಪು ಪೆನ್ಸಿಲ್, ಹುಬ್ಬು ಗಂಟು, ಆದರೆ ತುಟಿಯಲ್ಲಿ ನಗು. ಪಕ್ಕದವಳು ಬಾಯಿ ತೆರೆದು ಏನೋ ಓದುತ್ತಿದ್ದಾಳೆ, ಅವಳ ಮುಖ ಅಕ್ಕನ ಕಡೆಗೆ.