ಅಪ್ಪನ ಕಮಾಂಡಿಗೆ ಹೊಸ ಹೆಸರು

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಕಾಗದ ತಡವಾಯಿತು, ಬೈಯಬೇಡಿ. ಬೈಯುವುದಾದರೂ ಪೂರ್ತಿ ಓದಿದ ಮೇಲೆ ಬೈಯಿರಿ. ನೀವು ಕಂಪ್ಯೂಟರ್ ಮುಟ್ಟುವುದನ್ನೇ ಬಿಟ್ಟಿದ್ದೀರೆಂದು ಅಮ್ಮ ಹೇಳಿದ್ದರಿಂದ ಪೆನ್ನು ಹಿಡಿದಿದ್ದೇನೆ.

ಒಂಬತ್ತು ದಿನದ ಹಿಂದೆ ಅಮ್ಮ ಫೋನಿನಲ್ಲಿ ದನಿ ತಗ್ಗಿಸಿ, "ನಿಮ್ಮಪ್ಪ ತಾವೇ ಬರೆದ ಪ್ರೋಗ್ರಾಮನ್ನ ತಾವೇ ಮರೆತಿದಾರಂತೆ ಕಣೇ. ದೊಡ್ಡಪ್ಪಂಗೂ ಹೀಗೇ ಶುರುವಾಗಿದ್ದು ಅಂತಾರೆ" ಎಂದಳು. ಬೆಳಗ್ಗೆ ನೀವು ಆ ಪ್ರೋಗ್ರಾಂ ತೆರೆಯುವ ಕಮಾಂಡ್, 'ದಿನ' ಎಂದು ಒತ್ತಿದರೆ ನಿಮ್ಮ ದಿನಚರಿ ಬರದೆ ಗುರುತಿಲ್ಲದ ಯಾವುದೋ ಪರದೆ ಬರುತ್ತದಂತೆ. ಮರೆವಿನ ಡಾಕ್ಟರ ಹತ್ತಿರ ಹೆಸರೂ ಬರೆಸಿದ್ದೀರಂತೆ. ಆಗಲೇ ಹೇಳಬಹುದಿತ್ತು. ಹೇಳದೆ ಫೋನ್ ಇಟ್ಟೆ.

ಅಪ್ಪಾ, ನಿಮ್ಮ ತಲೆಗೆ ಏನೂ ಆಗಿಲ್ಲ. ಮಾಡಿದವಳು ನಾನು.

ಪ್ರೋಗ್ರಾಮುಗಳನ್ನು ಒಟ್ಟುಮಾಡಿ ಎಲ್ಲರ ಕಂಪ್ಯೂಟರಿಗೆ ಹಂಚುವ ನಮ್ಮ ಲಿನಕ್ಸ್ ತಂಡದಲ್ಲಿ ನಿಮ್ಮ ದಿನಚರಿ ಪ್ರೋಗ್ರಾಮನ್ನು ನೋಡಿಕೊಳ್ಳುವವಳು ನಾನೇ ಅಲ್ಲವೇ? ಹೋದ ವರ್ಷದ ಕೊನೆಯಲ್ಲಿ ಒಬ್ಬಾತ ತನ್ನ ಕ್ಯಾಲೆಂಡರ್ ಪ್ರೋಗ್ರಾಂ ಹಿಡಿದು ಬಂದ. ಅವನ ಕಮಾಂಡೂ 'ದಿನ'. ಒಂದೇ ಹೆಸರಿಗೆ ಇಬ್ಬರು ಬಂದರೆ ಮಾತಾಡಿಕೊಂಡು ಒಬ್ಬರು ಬಿಟ್ಟುಕೊಡಬೇಕು. ಒಮ್ಮತವಾಗದಿದ್ದರೆ ಇಬ್ಬರೂ ಹೆಸರು ಬದಲಿಸಬೇಕು. ಅದು ನಮ್ಮ ನಿಯಮ. ನಾನು ಪಟ್ಟು ಹಿಡಿಯಬಹುದಿತ್ತು. ಅಪ್ಪನದೆಂದು ಪಕ್ಷ ವಹಿಸುತ್ತಾಳೆ ಎಂದು ಯಾರಾದರೂ ಅಂದಾರೆಂಬ ಅಳುಕು. ಪ್ರೋಗ್ರಾಂ ಬರೆದವರಿಗೆ ಮೇಲ್ ಕಳಿಸಿ, ಹದಿನೈದು ದಿನದಲ್ಲಿ ಆಕ್ಷೇಪ ಬರದಿದ್ದರೆ ಒಪ್ಪಿಗೆ ಎಂದು ತಿಳಿಯುವುದು ವಾಡಿಕೆ. ನಿಮ್ಮಿಂದ ಆಕ್ಷೇಪ ಬರಲಿಲ್ಲ. ನಿಮ್ಮದಕ್ಕೆ 'ಹಳೇದಿನ' ಎಂದು ಹೆಸರಿಟ್ಟೆ.

ಬಿಟ್ಟುಕೊಟ್ಟ ಹೆಸರನ್ನು ಒಂದು ಆವೃತ್ತಿಯ ಮಟ್ಟಿಗಾದರೂ ಯಾರಿಗೂ ಕೊಡದೆ, 'ಹೆಸರು ಬದಲಾಗಿದೆ' ಎಂದಷ್ಟೇ ತೋರಿಸಬೇಕಿತ್ತು. ಅವನಿಗೆ ಅವಸರವಿತ್ತು, ನಾನೂ ತಲೆ ಆಡಿಸಿದೆ. ಹೋದ ತಿಂಗಳ ಅಪ್‌ಡೇಟಿನಲ್ಲಿ ಅವನದು 'ದಿನ' ಎಂಬ ಹೆಸರಿನಲ್ಲೇ ಎಲ್ಲರ ಕಂಪ್ಯೂಟರಿಗೂ ತಾನಾಗಿ ಬಂತು. ನಿಮ್ಮದಕ್ಕೂ.

'ಹಳೇದಿನ' ಎಂದು ಒತ್ತಿ ನೋಡಿ. ನಿಮ್ಮ ಮೂವತ್ತು ವರ್ಷದ ದಿನಚರಿ ಒಂದಕ್ಷರವೂ ಆಚೀಚೆಯಾಗದೆ ಅಲ್ಲೇ ಇದೆ. ಡಾಕ್ಟರಿಗೆ ಬರುವುದಿಲ್ಲ ಎಂದು ಹೇಳಿಬಿಡಿ. ಅಮ್ಮನಿಗೂ ಈ ಕಾಗದ ತೋರಿಸಿ. ಅವಳು ನನ್ನನ್ನು ತರಾಟೆಗೆ ತೆಗೆದುಕೊಳ್ಳಲಿ, ನನಗೂ ಸಮಾಧಾನವಾದೀತು.

ಆಶೀರ್ವಾದ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಿಮ್ಮ
ಪುಟ್ಟಿ

ಮರೆತ ಮಾತು: "ಆ ಮೇಲ್ ನನಗೆ ಬರಲೇ ಇಲ್ಲವಲ್ಲ" ಎಂದು ನೀವು ಯೋಚಿಸುತ್ತಿರುತ್ತೀರಿ. ನೀವು ನಿವೃತ್ತರಾದಾಗಲೇ ಮುಚ್ಚಿಹೋದ ಆಫೀಸಿನ ಮೇಲ್ ವಿಳಾಸಕ್ಕೆ ಕಳಿಸಿದ್ದೆ, ಗೊತ್ತಿದ್ದೂ. ಸರಿಯಾದ ವಿಳಾಸಕ್ಕೆ ಕಳಿಸಿದ್ದರೆ, "ಈಗ ಅದನ್ನ ಎಷ್ಟು ಜನ ಬಳಸ್ತಿದಾರೆ ಪುಟ್ಟಿ?" ಎಂದು ಕೇಳುತ್ತಿದ್ದಿರಿ. ಬಳಸುವವರ ಲೆಕ್ಕ ಇಡುವ ನಮ್ಮ ಪಟ್ಟಿಯಲ್ಲಿ ಮೊದಲು ಇಬ್ಬರೆಂದು ತೋರಿಸುತ್ತಿತ್ತು, ನೀವು ಮತ್ತು ನಾನು. ಎರಡು ವರ್ಷದಿಂದ ಒಬ್ಬರೇ. ನಾನು ಅವನ ಕ್ಯಾಲೆಂಡರನ್ನೇ ಬಳಸುತ್ತಿದ್ದೇನೆ ಅಪ್ಪಾ, ಅವನು ಹೆಸರು ಕೇಳಿಕೊಂಡು ಬರುವ ಮೊದಲಿನಿಂದಲೂ.